ಕೌಲ್ ಬಜಾರ್ ಮನೆಯ ಕಂಪ್ಯೂಟರ್: ದುರಸ್ತಿಯ ದಿನಚರಿ

ಏಪ್ರಿಲ್, ಮೊದಲ ಭಾನುವಾರ

ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ಅಕ್ಕನ ಮನೆಯ ಕಂಪ್ಯೂಟರನ್ನು ಮತ್ತೆ ಉಪಯೋಗಕ್ಕೆ ತರುವುದು ಈ ಬೇಸಿಗೆಗೆ ನಾನು ಹಿಡಿದಿರುವ ಕೆಲಸ. ಇಂಟೆಲ್ ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಪ್ರೊಸೆಸರ್ 2013ರಲ್ಲಿ ಮಾರುಕಟ್ಟೆಗೆ ಬಂದದ್ದು. ಹಳೆಯದು ನಿಜ, ಆದರೆ ಈ ಮನೆಯ ಕೆಲಸಕ್ಕೆ ಸಾಲದಷ್ಟು ಹಳೆಯದಲ್ಲ ಎಂಬುದು ನನ್ನ ನಂಬಿಕೆ.

ಮನೆಯಲ್ಲಿ ಜೀನ್ಸ್ ಹೊಲಿಗೆ ನಡೆಯುತ್ತದೆ. ಎಷ್ಟು ಪ್ಯಾಂಟು ಹೊಲಿದು ಕೊಟ್ಟಾಯಿತು, ಯಾರಿಗೆ ಎಷ್ಟು ಕೂಲಿ ಬಾಕಿ ಎಂಬ ಲೆಕ್ಕವನ್ನೆಲ್ಲ ಭಾವ ಇದರಲ್ಲೇ ಇಡುತ್ತಾರೆ. ಅಕ್ಕ ಸ್ವಸಹಾಯ ಸಂಘದ ನಡಾವಳಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾಳೆ. ಅವರ ಮಗಳು ಪದವಿ ಓದುತ್ತಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಪರೀಕ್ಷಾ ಶುಲ್ಕದವರೆಗೆ ಎಲ್ಲವೂ ಇದರಲ್ಲೇ ಆಗಬೇಕು.

"ವರ್ಷಕ್ಕೊಮ್ಮೆ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುತ್ತೇನೆ. ಎರಡು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಹಾಡು" ಎಂದರು ಭಾವ.

ಫಾರ್ಮ್ಯಾಟ್ ಮಾಡಿದರೆ ಮೇಲಿನ ಭಾರ ಇಳಿಯುತ್ತದೆಯೇ ಹೊರತು ರೋಗದ ಮೂಲ ಎಲ್ಲಿದೆ ಎಂದು ತಿಳಿಯುವುದಿಲ್ಲ. ಹಾಗಾಗಿ ಇವತ್ತು ಏನನ್ನೂ ಬಿಚ್ಚದೆ, ಏನನ್ನೂ ಅಳಿಸದೆ, ಬರೀ ಅಳೆದೆ. ಅಳತೆಗೋಲು ಒಂದೇ: ಗುಂಡಿ ಒತ್ತಿದ ಕ್ಷಣದಿಂದ ಭಾವನ ಲೆಕ್ಕದ ಕಡತ ತೆರೆದು, ಅದರಲ್ಲಿ ಒಂದು ಅಂಕಿ ಬರೆಯಲು ಆಗುವವರೆಗಿನ ಸಮಯ. ಪರದೆಯ ಮೇಲೆ ಚಿತ್ರಗಳು ಮೂಡಿದ ಮಾತ್ರಕ್ಕೆ ಕಂಪ್ಯೂಟರ್ ಸಿದ್ಧವಾಯಿತು ಎನ್ನಲಾಗದು. ಇವತ್ತಿನ ಲೆಕ್ಕ 7 ನಿಮಿಷ 10 ಸೆಕೆಂಡ್.

ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕ್ 100 ಶೇಕಡಾ ಎಂದು ಕೆಂಪಾಗಿ ತೋರಿಸುತ್ತಿತ್ತು, ಆದರೆ ಓದುತ್ತಿದ್ದ ವೇಗ ಸೆಕೆಂಡಿಗೆ 1 ಎಂಬಿಗಿಂತಲೂ ಕಡಿಮೆ. ಪ್ರೊಸೆಸರ್ ಹೆಚ್ಚು ಹೊತ್ತು ಸುಮ್ಮನೆ ಕುಳಿತಿತ್ತು. ದಾರಿ ಎಲ್ಲಿ ಕಟ್ಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಈ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 9 ಮಿಲಿಸೆಕೆಂಡ್. ಎರಡೂ ಸೇರಿ ಸುಮಾರು 13. ಹೀಗೆ ಚದುರಿದ ಸಣ್ಣ ಕಡತಗಳನ್ನು ಓದುವಾಗ ಸೆಕೆಂಡಿಗೆ ಎಪ್ಪತ್ತೆಂಬತ್ತು ಓದುಗಳಷ್ಟೇ ಸಾಧ್ಯ. ಒಂದು ಓದಿಗೆ 4 ಕೆಬಿ ಎಂದುಕೊಂಡರೆ ಸೆಕೆಂಡಿಗೆ 300 ಕೆಬಿ ಚಿಲ್ಲರೆ. ವಿಂಡೋಸ್ ಏಳುವಾಗ ಓದುವುದು ಇಂತಹ ಸಾವಿರಾರು ಸಣ್ಣ ಕಡತಗಳನ್ನೇ.

ಡಿಸ್ಕಿನ ಆರೋಗ್ಯವನ್ನೂ ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಪಾಸಣಾ ತಂತ್ರಾಂಶ ಹಳದಿ ಬಣ್ಣದಲ್ಲಿ ಎಚ್ಚರಿಕೆ ಕೊಟ್ಟಿತು. ಕೆಟ್ಟ ಜಾಗಗಳನ್ನು ಬದಲಿ ಜಾಗಕ್ಕೆ ಸಾಗಿಸಿದ ಲೆಕ್ಕವೂ, ಇನ್ನೂ ಓದಲಾಗದೆ ಬಾಕಿ ಉಳಿದ ಜಾಗಗಳ ಲೆಕ್ಕವೂ ಸೊನ್ನೆಯಾಗಿರಲಿಲ್ಲ. ಅಲ್ಲಿಗೆ ಮೊದಲ ಕೆಲಸ ಯಾವುದೆಂದು ತೀರ್ಮಾನವಾಯಿತು. ವೇಗದ ಮಾತು ಆಮೇಲೆ. ಮೊದಲು ಕಡತಗಳು ಉಳಿಯಬೇಕು.

ಅದೇ ರಾತ್ರಿ

ಹೊರಗಿನ ಡಿಸ್ಕಿಗೆ ಪ್ರತಿ ತೆಗೆದೆ. ವಿಂಡೋಸಿನಲ್ಲೇ ಇರುವ ರೋಬೋಕಾಪಿ ಎಂಬ ಆದೇಶ ಈ ಕೆಲಸಕ್ಕೆ ಒಳ್ಳೆಯದು, ಆದರೆ ಒಂದು ಎಚ್ಚರ ಬೇಕು. ಓದಲಾಗದ ಕಡತ ಸಿಕ್ಕರೆ ಅದು ಸಹಜವಾಗಿ ಹತ್ತು ಲಕ್ಷ ಸಲ, ಸಲಕ್ಕೆ 30 ಸೆಕೆಂಡ್ ಕಾದು, ಪ್ರಯತ್ನಿಸುತ್ತಲೇ ಇರುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಅಷ್ಟು ಒತ್ತಡ ಹೇರಬಾರದು. ಒಂದೇ ಸಲ ಮರುಪ್ರಯತ್ನ, ಒಂದೇ ಸೆಕೆಂಡ್ ಕಾಯುವಿಕೆ ಎಂದು ಆದೇಶದಲ್ಲೇ ಬರೆದೆ. ಮದುವೆಯ ಕೆಲವು ಫೋಟೊಗಳು ಬರಲಿಲ್ಲ. ಲೆಕ್ಕ, ನಡಾವಳಿ, ಅಂಕಪಟ್ಟಿಗಳು ಪೂರ್ತಿ ಬಂದವು.

ಏಪ್ರಿಲ್, ಎರಡನೇ ಭಾನುವಾರ

ಈ ದಿನ ಧೂಳಿನದು. ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಪಕ್ಕದ ಹಲಗೆ ತೆಗೆದೆ. ಸಂಡೂರಿನ ಕಡೆಯ ಕೆಂಪು ಧೂಳು ಬಳ್ಳಾರಿಯ ಯಾವ ಮನೆಗೂ ಹೊಸದಲ್ಲ. ತೆಳುವಾಗಿ ಎಲ್ಲೆಡೆ ಕೂತಿತ್ತು. ಆದರೆ ಇಲ್ಲಿ ನಿಜವಾದ ಅಡ್ಡಿ ನೀಲಿ ಬಣ್ಣದ್ದು. ಓವರ್‌ಲಾಕ್ ಯಂತ್ರ ಬಟ್ಟೆಯ ಅಂಚನ್ನು ಕತ್ತರಿಸುತ್ತಾ ಹೊಲಿಯುವಾಗ ಹಾರುವ ನೂಲಿನ ಎಳೆಗಳನ್ನು ಕಂಪ್ಯೂಟರಿನ ಫ್ಯಾನ್ ವರ್ಷಗಟ್ಟಲೆ ಒಳಗೆ ಎಳೆದುಕೊಂಡಿದೆ. ಪ್ರೊಸೆಸರ್ ಮೇಲಿನ ಫ್ಯಾನನ್ನು ಬಿಡಿಸಿದಾಗ ಅದರ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಬಾಯಿಗೆ ಅಡ್ಡಲಾಗಿ, ನೀಲಿ ಕಂಬಳಿಯ ತುಂಡಿನಂತಹ ಪದರ ಇಡಿಯಾಗಿ ಎದ್ದು ಬಂತು. ಚಿಮುಟದಿಂದ ಎತ್ತಿ ಹಿಡಿದರೂ ಹರಿಯಲಿಲ್ಲ. ಫ್ಯಾನ್ ಇಷ್ಟು ದಿನ ಗಾಳಿ ಬೀಸಿದ್ದು ರೆಕ್ಕೆಗಳಿಗಲ್ಲ, ಈ ಪದರಕ್ಕೆ.

ಹೊಲಿಗೆ ಯಂತ್ರ ಶುಚಿಮಾಡುವ ಬ್ಲೋವರ್ ಮನೆಯಲ್ಲೇ ಇತ್ತು. ಅದನ್ನು ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಬೇಕು. ಗಾಳಿಯ ರಭಸಕ್ಕೆ ಫ್ಯಾನ್ ಹುಚ್ಚೆದ್ದು ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಅದು ಡೈನಮೊದಂತೆ ವಿದ್ಯುತ್ ಹುಟ್ಟಿಸಿ ಬೋರ್ಡಿಗೂ ತೊಂದರೆ ಕೊಡಬಹುದು. ಶಾಖವನ್ನು ರೆಕ್ಕೆಗಳಿಗೆ ದಾಟಿಸುವ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಸುಣ್ಣದ ಪುಡಿಯಾಗಿತ್ತು. ಮೊಬೈಲ್ ದುರಸ್ತಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನಡುವೆ ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟೆ. ಇಂಟೆಲ್ ಫ್ಯಾನಿನ ನಾಲ್ಕು ಕಾಲುಗಳನ್ನು ಅಡ್ಡಮೂಲೆಯ ಜೋಡಿಯಾಗಿ ಒತ್ತಬೇಕು, ಪ್ರತಿಯೊಂದೂ ಟಕ್ ಎನ್ನಬೇಕು. ಬೋರ್ಡನ್ನು ಹಿಂದಿನಿಂದ ನೋಡಿದಾಗ ನಾಲ್ಕೂ ಬಿಳಿ ಕಾಲುಗಳು ಪೂರ್ತಿ ಹೊರಬಂದು, ಅವುಗಳ ನಡುವೆ ಕರಿ ಮೊಳೆ ಕಾಣಬೇಕು. ಒಂದು ಕಾಲು ಸಡಿಲವಿದ್ದರೂ ಶ್ರಮವೆಲ್ಲ ನೀರುಪಾಲು.

ಫಲ: ಮಧ್ಯಾಹ್ನ ಕೋಣೆಯಲ್ಲೇ 39 ಡಿಗ್ರಿ ಇರುವಾಗ, ಹಿಂದಿನ ವಾರ ಪೂರ್ಣ ಹೊರೆ ಹೊತ್ತ ಪ್ರೊಸೆಸರ್ ನೂರರ ಹತ್ತಿರ ಹೋಗಿ, ತನ್ನನ್ನು ಕಾಪಾಡಿಕೊಳ್ಳಲು 3.4 ಗಿಗಾಹರ್ಟ್ಸ್‌ನಿಂದ ಕೆಳಗಿಳಿಯುತ್ತಿತ್ತು. ಈಗ 70ರ ಆಸುಪಾಸಿನಲ್ಲಿ ನಿಂತು ಪೂರ್ಣ ವೇಗದಲ್ಲೇ ಓಡುತ್ತದೆ. ಹೊರೆಯಿಲ್ಲದಾಗ ವೇಗ ಇಳಿಯುವುದು ವಿದ್ಯುತ್ ಉಳಿತಾಯಕ್ಕಾಗಿ. ಅದನ್ನು ದೋಷವೆಂದು ತಿಳಿಯಬಾರದು. ನೋಡಬೇಕಾದದ್ದು ಹೊರೆ ಹೊತ್ತಾಗ.

ಅಳತೆಗೋಲಿನ ಲೆಕ್ಕ ಮಾತ್ರ 6 ನಿಮಿಷ 40 ಸೆಕೆಂಡ್. ನಿರೀಕ್ಷಿಸಿದ್ದೇ. ಶಾಖ ಮಧ್ಯಾಹ್ನದ ತೊಂದರೆ, ಡಿಸ್ಕ್ ಇಡೀ ದಿನದ ತೊಂದರೆ.

ಬೋರ್ಡಿನ ಸಿಆರ್2032 ಬಟನ್ ಸೆಲ್ಲನ್ನೂ ಬದಲಿಸಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿತ್ತು. ತಪ್ಪು ದಿನಾಂಕವಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವೆನಿಸಿ ಪುಟ ತೆರೆಯುವುದಿಲ್ಲ. ಮನೆಯವರು ಇದನ್ನು ಇಂಟರ್‌ನೆಟ್ಟಿನ ದೋಷ ಎಂದುಕೊಂಡಿದ್ದರು.

ಏಪ್ರಿಲ್ ಕೊನೆ

ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ, 256 ಜಿಬಿಯ ಸಾಟಾ ಎಸ್‌ಎಸ್‌ಡಿ ಬಂತು. ಹೆಸರೇ ಕೇಳದ ಕಂಪನಿಯ ಅಗ್ಗದ ಮಾಲು ಬೇಡವೆಂದು, ತಯಾರಕರ ತಾಣದಲ್ಲಿ ಕ್ರಮಸಂಖ್ಯೆ ಹಾಕಿ ವಾರಂಟಿ ನೋಡಿಯೇ ಜೋಡಿಸಿದೆ. ಎಚ್81 ಬೋರ್ಡಿನಲ್ಲಿ ಸೆಕೆಂಡಿಗೆ 6 ಗಿಗಾಬಿಟ್‌ನ ಡಿಸ್ಕ್ ಜೋಡಿಸುವ ಎರಡು ಸಾಟಾ ಕಿಂಡಿಗಳೂ 3 ಗಿಗಾಬಿಟ್‌ನ ಎರಡೂ ಇರುತ್ತವೆ. ಬೋರ್ಡಿನ ಮೇಲೆ ಅಚ್ಚಾದ ಅಕ್ಷರ ಓದಿ ವೇಗದ ಕಿಂಡಿಗೇ ಕೊಟ್ಟೆ. ನಿಧಾನದ ಕಿಂಡಿಗೆ ಹೋಗಿದ್ದರೂ ಹೆಚ್ಚು ನಷ್ಟವಾಗುತ್ತಿರಲಿಲ್ಲ. ಎಸ್‌ಎಸ್‌ಡಿಯ ನಿಜವಾದ ಲಾಭ ದೊಡ್ಡ ಕಡತದ ವೇಗದಲ್ಲಿಲ್ಲ. ತಿರುಗುವ ತಟ್ಟೆಯಾಗಲಿ ಸರಿಯುವ ಮುಳ್ಳಾಗಲಿ ಇಲ್ಲದ್ದರಿಂದ ಆ 13 ಮಿಲಿಸೆಕೆಂಡಿನ ಕಾಯುವಿಕೆ 0.1ರ ಆಸುಪಾಸಿಗೆ ಇಳಿಯುವುದರಲ್ಲಿದೆ.

ಹಳೆಯ ಡಿಸ್ಕನ್ನು ತದ್ರೂಪು ಮಾಡಲಿಲ್ಲ. ಓದಲಾಗದ ಜಾಗಗಳಿರುವಾಗ ಅದರ ತಪ್ಪುಗಳನ್ನೂ ಹೊತ್ತು ತರುವುದು ಬೇಡ. ಡಿಸ್ಕ್ ಮತ್ತು ಕಾರ್ಯಾಚರಣಾ ವ್ಯವಸ್ಥೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಎಷ್ಟು ಎಂದು ತಿಳಿಯದು, ಆದ್ದರಿಂದ ಮೊದಲು ವಿಂಡೋಸ್ 10ನ್ನೇ ಹೊಸದಾಗಿ ಹಾಕಿ ಅಳೆದೆ: 52 ಸೆಕೆಂಡ್. ಭಾವ ತಾವೇ ಮತ್ತೊಮ್ಮೆ ಆರಿಸಿ, ಹಚ್ಚಿ, ಮೊಬೈಲಿನಲ್ಲಿ ಸಮಯ ನೋಡಿದರು. ಅಷ್ಟೇ ಬಂತು.

ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್ ಎಂಟನೇ ಪೀಳಿಗೆಯ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ನಮ್ಮದು ನಾಲ್ಕನೇ ಪೀಳಿಗೆ. ಅಡ್ಡದಾರಿಯಿಂದ ಹಾಕಬಹುದಾದರೂ, ಹಣಕಾಸಿನ ಲೆಕ್ಕ ಇರುವ ಯಂತ್ರದಲ್ಲಿ ಅದು ನನಗೆ ಒಪ್ಪಿಗೆಯಿಲ್ಲ. ಹೀಗಾಗಿ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದಕ್ಕೆ 2029ರವರೆಗೆ ಬೆಂಬಲವಿದೆ. ಪೆನ್‌ಡ್ರೈವಿನಿಂದಲೇ ಓಡಿಸಿ ಪ್ರಿಂಟರ್, ವೈಫೈ, ಧ್ವನಿ ಎಲ್ಲ ನಡೆಯುತ್ತದೆಯೇ ಎಂದು ನೋಡಿದ ಮೇಲೆಯೇ ಸ್ಥಾಪಿಸಿದೆ. ಲೆಕ್ಕದ ಕಡತ ಲಿಬ್ರೆಆಫೀಸಿನಲ್ಲಿ ತೆರೆಯುವವರೆಗೆ 38 ಸೆಕೆಂಡ್.

ಮೇ, ಮೊದಲ ವಾರ

ಇನ್ನೊಂದು 4 ಜಿಬಿ ರ‍್ಯಾಮ್ ಪಟ್ಟಿ ಎರಡನೇ ಕಿಂಡಿಗೆ. ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ದೋಷವಿಲ್ಲ. ಅಳತೆಗೋಲಿನಲ್ಲಿ ವ್ಯತ್ಯಾಸ ಇಲ್ಲವೆನ್ನಬಹುದು. ಆದರೆ ಅಕ್ಕನ ಮಗಳು ಅರ್ಜಿಯ ಪುಟ, ಅಂಕಪಟ್ಟಿಯ ಪಿಡಿಎಫ್, ಪಾಠದ ವಿಡಿಯೊ ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟಾಗ ಒಂದರಿಂದ ಇನ್ನೊಂದಕ್ಕೆ ಹೋಗುವುದು ಸರಾಗವಾಗಿದೆ. "ಮಾಮಾ, ಫೋಟೊ ಅಪ್‌ಲೋಡ್ ಮಾಡುವಷ್ಟರಲ್ಲಿ ಪುಟದ ಅವಧಿ ಮುಗಿಯುವುದು ನಿಂತಿತು" ಎಂದಳು. ಮೊದಲೇ ರ‍್ಯಾಮ್ ಕೊಂಡು ಡಿಸ್ಕನ್ನು ಹಾಗೇ ಬಿಟ್ಟಿದ್ದರೆ ಈ ಹಣದ ಫಲ ಕಾಣುತ್ತಲೇ ಇರಲಿಲ್ಲ.

ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಓವರ್‌ಲಾಕ್ ಯಂತ್ರವಿರುವ ಗೋಡೆಯಿಂದ ಆಚೆ ಕೋಣೆಗೆ ಸಾಗಿಸಿದ್ದೇವೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವ ಹೊಣೆ ಅಕ್ಕನ ಮಗಳದು. ಫ್ಯಾನ್ ತಡೆದು ಹಿಡಿಯುವುದನ್ನು ಅವಳ ಕೈಯಿಂದಲೇ ಮಾಡಿಸಿ ನೋಡಿದೆ.

ಮೇ, ಈ ವಾರ

ಉಳಿದಿರುವುದು ಅಕ್ಕನ ನಡಾವಳಿ. ಅವಳ ಹಳೆಯ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನವು. ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಟೈಪಿಂಗಿಗೆ ತೊಂದರೆಯಿಲ್ಲ. ಮಿಂಟಿನಲ್ಲಿ ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸವನ್ನೇ ಹಾಕಿಕೊಟ್ಟಿದ್ದೇನೆ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ, ಅವಳ ಬೆರಳಿನ ಅಭ್ಯಾಸ ತಪ್ಪಲಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇವೆ. ಅರ್ಕಾವೊತ್ತು ಇರುವ ಪದಗಳಲ್ಲಿ ತಪ್ಪು ನುಸುಳುತ್ತದೆ. ನಿರ್ಣಯ, ವಾರ್ಷಿಕ, ಖರ್ಚು ಎಂಬ ಪದಗಳು ನಡಾವಳಿಯ ಪುಟಪುಟದಲ್ಲೂ ಇರುವುದರಿಂದ ಇದನ್ನು ಯಂತ್ರಕ್ಕೇ ಬಿಡುವಂತಿಲ್ಲ. ಮೂಲದ ಮುದ್ರಿತ ಪ್ರತಿ ಹಿಡಿದು ಅಕ್ಕ ಓದುತ್ತಾಳೆ, ನಾನು ತಿದ್ದುತ್ತೇನೆ. ಸಾಲದ ಮೊತ್ತ ಮತ್ತು ಸದಸ್ಯರ ಹೆಸರುಗಳಿರುವ ಸಾಲುಗಳನ್ನು ಇಬ್ಬರೂ ಬೇರೆಬೇರೆಯಾಗಿ ನೋಡುತ್ತೇವೆ. ಕಳೆದ ವರ್ಷದ್ದು ಮುಗಿದಿದೆ, ಅದರ ಹಿಂದಿನದು ನಡೆಯುತ್ತಿದೆ. ಎಲ್ಲ ಮುಗಿಯುವವರೆಗೆ ಹಳೆಯ ಹಾರ್ಡ್‌ಡಿಸ್ಕನ್ನು ಅಳಿಸದೆ ಬೀರುವಿನಲ್ಲಿ ಇಡಲು ಹೇಳಿದ್ದೇನೆ. ಯುಪಿಎಸ್‌ನ ಬ್ಯಾಟರಿ ಎರಡು ನಿಮಿಷವೂ ತಾಳುತ್ತಿಲ್ಲ. 12 ವೋಲ್ಟ್ 7 ಆಂಪಿಯರ್-ಅವರ್‌ನ ಹೊಸದು ಮುಂದಿನ ಖರೀದಿ.