ಮೀಟರ್ ತೋರಿಸಿದ 40 ವೋಲ್ಟ್

ಸಮುದ್ರದ ಮೀನು, ಹವಳ ಸಾಕುವವರ ಕೈಗೆ ಮಲ್ಟಿಮೀಟರ್ ಸಿಕ್ಕರೆ ಮುಗಿಯಿತು. ಒಂದು ಕಡ್ಡಿಯನ್ನು ತೊಟ್ಟಿಗೆ ಅದ್ದಿ, ಇನ್ನೊಂದನ್ನು ಅರ್ಥ್‌ಗೆ ಮುಟ್ಟಿಸಿ, ಪರದೆಯಲ್ಲಿ 40 ವೋಲ್ಟ್ ಕಂಡೊಡನೆ ನನಗೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಮೀನಿನ ಮಂಕುತನ, ಹವಳ ಬಿಳಚಿದ್ದು, ಪಾಚಿ ಹೆಚ್ಚಿದ್ದು, ಎಲ್ಲದರ ಆರೋಪವೂ ಆ 40 ವೋಲ್ಟಿನ ತಲೆಗೆ ಬಿದ್ದಿರುತ್ತದೆ.

ಆ ಸಂಖ್ಯೆಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಪಂಪಿನ ಸುರುಳಿ ರಾಳದೊಳಗೆ ಭದ್ರವಾಗಿದ್ದರೂ ಒಂದು ಕಡೆ ತಂತಿ, ನಡುವೆ ನಿರೋಧಕ, ಇನ್ನೊಂದು ಕಡೆ ಉಪ್ಪುನೀರು ಇದ್ದೇ ಇರುತ್ತದೆ. ಅದೇ ಒಂದು ಸಣ್ಣ ಕೆಪಾಸಿಟರ್. ಅದರ ಮೂಲಕ ನೀರಿಗೆ ವೋಲ್ಟೇಜ್ ಹಾಯುತ್ತದೆ, ಆದರೆ ಅದರ ಬೆನ್ನಿಗೆ ಶಕ್ತಿ ಇರುವುದಿಲ್ಲ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. 40 ವೋಲ್ಟ್ ತೋರಿಸುವಾಗ ಅದರಲ್ಲಿ ಹರಿಯುವುದು 4 ಮೈಕ್ರೋಆಂಪ್ ಮಾತ್ರ. ಮೀಟರಿನ ಎರಡು ಕಡ್ಡಿಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ ಮತ್ತೆ ಅಳೆದು ನೋಡಿ. ಸುಳ್ಳು ವೋಲ್ಟೇಜ್ ಆಗಿದ್ದರೆ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಹಾಗೆಯೇ 40ರಲ್ಲಿ ನಿಂತರೆ 4 ಮಿಲಿಆಂಪ್ ನಿಜವಾಗಿ ಹರಿಯುತ್ತಿದೆ ಎಂದರ್ಥ. ಆಗ ಗಾಬರಿಯಾಗುವುದು ನ್ಯಾಯ.

ನನ್ನ ತೊಟ್ಟಿಯಲ್ಲಿ ನಿಜವಾದ ಸೋರಿಕೆ ಮೊದಲು ಗೊತ್ತಾದದ್ದು ಮೀಟರಿನಿಂದಲ್ಲ, ಉಗುರಿನ ಪಕ್ಕದ ಗಾಯದಿಂದ. ತೊಟ್ಟಿಯ ಕೆಳಗಿನ ಸಂಪ್‌ಗೆ (ಪಂಪ್, ಹೀಟರ್ ಇಡುವ ಇನ್ನೊಂದು ತೊಟ್ಟಿಗೆ) ಕೈ ಹಾಕಿದಾಗ ಗಾಯವಿದ್ದ ಬೆರಳು ಮಾತ್ರ ಜುಮ್ಮೆಂದಿತು. ಗಾಯವಿಲ್ಲದ ಚರ್ಮ ಕರೆಂಟನ್ನು ಒಂದಿಷ್ಟು ತಡೆಯುತ್ತದೆ, ಸೀಳಿದ ಚರ್ಮ ತಡೆಯುವುದಿಲ್ಲ. ಉಪ್ಪು ಉರಿಯುತ್ತಿದೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಉಪ್ಪಿನ ಉರಿ ಕೈ ಹೊರಗೆ ತೆಗೆದ ಮೇಲೂ ಉಳಿಯುತ್ತದೆ, ಇದು ತಕ್ಷಣ ನಿಂತಿತು.

ಕಳ್ಳ ಹೀಟರ್. ಅದನ್ನು ಹಿಡಿಯುವುದರಲ್ಲಿ ಒಂದು ತೊಡಕಿದೆ. ಒಂದೊಂದೇ ಪ್ಲಗ್ ಕಿತ್ತು ನೋಡುವಾಗ ನೀರು ಬೆಚ್ಚಗಿದ್ದು ಹೀಟರ್ ತಾನಾಗಿ ಆರಿದ್ದರೆ ಅದು ನಿರಪರಾಧಿಯಂತೆ ಕಾಣಬಹುದು. ಅದಕ್ಕೇ ಉಷ್ಣತೆಯ ತಿರುಪನ್ನು ಏರಿಸಿ, ಹೀಟರಿನ ದೀಪ ಹೊತ್ತಿರುವಾಗಲೇ ಅಳೆಯಬೇಕು. ಇನ್ನು ಹೀಟರನ್ನು ತಾನಾಗಿ ಆರಿಸುವ ಥರ್ಮೋಸ್ಟಾಟ್ ಹೆಚ್ಚಾಗಿ ಕತ್ತರಿಸುವುದು ಒಂದೇ ತಂತಿಯನ್ನು. ಎರಡು ಪಿನ್ನಿನ ಪ್ಲಗ್ ತಿರುಗುಮುರುಗಾಗಿದ್ದರೆ ಆರಿದ ಹೀಟರಿನೊಳಗೂ ಫೇಸ್ ಜೀವಂತವಾಗಿರುತ್ತದೆ. ಹೊರತೆಗೆದು ಒರೆಸಿ ಬೆಳಕಿಗೆ ಹಿಡಿದೆ. ರಬ್ಬರ್ ಮುಚ್ಚಳದ ಕೆಳಗೆ ಕೂದಲೆಳೆಯಷ್ಟು ಬಿರುಕು, ಗಾಜಿನ ಒಳಮೈಗೆ ಅಂಟಿದ ನೀರಹನಿ, ತಂತಿ ಬೆಸೆದ ಜಾಗದಲ್ಲಿ ತಾಮ್ರದ ಹಸಿರು ಕಿಲುಬು. ನನಗೆ ಕರೆಂಟಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಆ ಹಸಿರು. ಮೀನು ತಾಳಿಕೊಳ್ಳುವ ತಾಮ್ರ ಸಿಗಡಿಯನ್ನೂ ಬಸವನಹುಳುವನ್ನೂ ಕೊಂದುಬಿಡುತ್ತದೆ.

ಮೀನಿಗೆ ಶಾಕ್ ಹೊಡೆಯಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ತಂತಿಯ ಮೇಲೆ ಕುಳಿತ ಹಕ್ಕಿಯ ಹಾಗೆ, ಸುತ್ತಲಿನ ನೀರಿನಷ್ಟೇ ವೋಲ್ಟೇಜಿನಲ್ಲಿ ಮೀನೂ ಇರುತ್ತದೆ. ಕರೆಂಟಿಗೆ ಹರಿದುಹೋಗಲು ದಾರಿ ಇಲ್ಲದಿದ್ದರೆ ಅದರ ಪಾಲಿಗೆ ದೊಡ್ಡದೇನೂ ನಡೆಯುವುದಿಲ್ಲ. (ಶಾರ್ಕ್, ತೊರಕೆ (ರೇ) ಮೀನುಗಳ ವಿಷಯ ಬೇರೆ. ವಿದ್ಯುತ್ತನ್ನು ಗ್ರಹಿಸುವ ಅಂಗವೇ ಅವಕ್ಕಿದೆ.) ದಾರಿಯಾಗುವವರು ನಾವು: ಒಂದು ಕೈ ನೀರಿನಲ್ಲಿ, ಇನ್ನೊಂದು ದೀಪದ ಲೋಹದ ಚೌಕಟ್ಟಿನ ಮೇಲೆ.

ಇಲ್ಲಿಗೆ ಬಂದೊಡನೆ ಟೈಟಾನಿಯಂ ಅರ್ಥಿಂಗ್ ಕಡ್ಡಿ ಕೊಂಡು ನೀರಿಗಿಳಿಸಿ ನೆಮ್ಮದಿಯಾಗಿ ಮಲಗುವವರಿದ್ದಾರೆ. ಅದೊಂದನ್ನೇ ಹಾಕಿದರೆ ಮೀಟರ್ ಸೊನ್ನೆ ತೋರಿಸುತ್ತದೆ, ಇಲ್ಲದಿದ್ದ ದಾರಿಯೂ ಹುಟ್ಟುತ್ತದೆ, ಸೋರಿಕೆ ತೊಟ್ಟಿಯ ಮೂಲಕವೇ ಹಗಲಿರುಳು ಹರಿಯುತ್ತದೆ. ಜೊತೆಗೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು. ಕಡ್ಡಿ ಇದ್ದರೆ ಅಪಾಯದ ಸೋರಿಕೆ ಶುರುವಾದಾಗಲೇ ಅದು ಬೀಳುತ್ತದೆ. ಕಡ್ಡಿ ಇಲ್ಲದಿದ್ದರೆ ನಿಮ್ಮ ಕೈ ನೀರಿಗಿಳಿಯುವವರೆಗೆ ಕಾಯುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಆರ್‌ಸಿಸಿಬಿಯನ್ನೇ ಕೊಳ್ಳಿ.

ನಾನು ಈಗ ಎರಡು ಆರ್‌ಸಿಸಿಬಿ ಇಟ್ಟಿದ್ದೇನೆ. ಹೀಟರ್ ಮತ್ತು ಒಂದು ಪಂಪ್ ಒಂದರಲ್ಲಿ, ನೀರು ತಿರುಗಿಸುವ ಇನ್ನೊಂದು ಪಂಪ್ ಮತ್ತೊಂದರಲ್ಲಿ. ಎಲ್ಲವೂ ಒಂದರಲ್ಲೇ ಇದ್ದು, ಮನೆಯಲ್ಲಿ ಯಾರೂ ಇಲ್ಲದಾಗ ಅದು ಬಿದ್ದರೆ ನೀರು ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತುತ್ತೇನೆ. ಪ್ರತಿ ತಂತಿಯನ್ನೂ ಸಾಕೆಟ್ಟಿಗಿಂತ ಕೆಳಗೆ ಜೋಲುಬಿಟ್ಟು ಮೇಲೆ ಒಯ್ದಿದ್ದೇನೆ, ತಂತಿಗುಂಟ ಇಳಿಯುವ ಉಪ್ಪುನೀರು ಅಲ್ಲೇ ತೊಟ್ಟಿಕ್ಕಲಿ ಎಂದು.