ದುರ್ಗದ ತಾರಸಿಯಿಂದ ಒಂದು ಬಂಡೆ ಹುಡುಕಾಟ

ಅಮಾವಾಸ್ಯೆ ರಾತ್ರಿ. ಚಿತ್ರದುರ್ಗದ ನಮ್ಮ ಮನೆ ತಾರಸಿಯಲ್ಲಿ ಸಂಡಿಗೆ ಚಾಪೆ ಸರಿಸಿ ದೂರದರ್ಶಕ ನಿಲ್ಲಿಸಿದ್ದೆ.

"ಆಗಿಂದ ಏನ್ ಹುಡುಕ್ತಿದೀಯೋ?" ಅಂದಳು ಅವ್ವ.

"ಒಂದು ಬಂಡೆ ಕಣವ್ವ."

"ದುರ್ಗದಾಗೆ ಬಂಡೆ ಹುಡುಕಾಕೆ ಮೇಲೆ ನೋಡ್ಬೇಕಾ?"

ಅದರ ಹೆಸರು 67 ಏಷ್ಯಾ. ಬರಿಗಣ್ಣಿಗೆ ಕಾಣದ ಕ್ಷುದ್ರಗ್ರಹ. 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಪತ್ತೆ ಮಾಡಿದ್ದು. ನಮ್ಮ ಖಂಡದಿಂದ ಸಿಕ್ಕ ಮೊದಲ ಕ್ಷುದ್ರಗ್ರಹವಾದ್ದರಿಂದ ಖಂಡದ ಹೆಸರನ್ನೇ ಇಟ್ಟ. ಆಗ ಪುರಾಣದ ಹೆಣ್ಣು ಹೆಸರುಗಳೇ ರೂಢಿ. ಗ್ರೀಕ್ ಪುರಾಣದಲ್ಲೂ ಒಬ್ಬಳು ಏಷ್ಯಾ ಇದ್ದಾಳೆ. ಜಾಣ! ನಕ್ಷತ್ರಗಳ ಹೊಳಪಿಗೆ ಇಂದಿಗೂ ಬಳಸುವ ಅಳತೆಪಟ್ಟಿಯೂ (ಒಂದೊಂದು ಮೆಟ್ಟಿಲಿಗೆ ಹೊಳಪಿನಲ್ಲಿ ಸುಮಾರು 2.512 ಪಟ್ಟು ವ್ಯತ್ಯಾಸ) ಇದೇ ಮನುಷ್ಯನದ್ದು.

ಅಡ್ಡಗಲ ಸುಮಾರು 60 ಕಿ.ಮೀ., ಅಂದರೆ ಇಲ್ಲಿಂದ ದಾವಣಗೆರೆಗೆ ಬಸ್ಸಲ್ಲಿ ಹೋದಷ್ಟು. ಸಿಲಿಕೇಟ್ ಕಲ್ಲು. ಮಂಗಳ, ಗುರುಗಳ ನಡುವೆ ಸೂರ್ಯನನ್ನು ಒಂದು ಸುತ್ತು ಹಾಕಲು ಮೂರೂಮುಕ್ಕಾಲು ವರ್ಷ. ತನ್ನ ಸುತ್ತ ತಾನು ತಿರುಗಲು ಸುಮಾರು 16 ಗಂಟೆ.

ಒಂದೇ ರಾತ್ರಿಗೆ ಗುರುತು ಸಿಗುವುದಿಲ್ಲ. ಕಂಡ ಚುಕ್ಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡು, ಮರುದಿನ ಯಾವುದು ಜಾಗ ಬದಲಿಸಿದೆ ಅಂತ ನೋಡಬೇಕು. ಹನ್ನೊಂದು ಚುಕ್ಕಿ ಇಟ್ಟಿದ್ದೆ.

ಮರುದಿನ ಪೂರ್ತಿ ಮೋಡ.