ಮಂಡಕ್ಕಿ ಎಸೆದು ನೀರು ಅಳೆದಿದ್ದು

ಸಂಡೂರಿನ ಗಣಿಯಲ್ಲಿ ನನ್ನದು ಸರ್ವೆ ಕೆಲಸ. ಲೇಸರ್ ಸ್ಕ್ಯಾನರ್ ಇಟ್ಟು ಅದಿರಿನ ರಾಶಿ ಎಷ್ಟು ಘನ ಮೀಟರ್ ಇದೆ ಅಂತ ಲೆಕ್ಕ ಕೊಡಬೇಕು. ಅದು ಬಿಟ್ಟ ಬೆಳಕು ತಾಗಿ ವಾಪಸ್ ಬಂದ ಕಡೆಯೆಲ್ಲ ದೂರ ಅಳೆದು ಒಂದೊಂದು ಚುಕ್ಕಿ ಇಡುತ್ತದೆ. ಧೂಳಿಗಿಂತ ಜಾಸ್ತಿ ಕಾಡುವುದು ನೀರು. ಗುಂಡಿಯಲ್ಲಿ ಮಳೆನೀರು ನಿಂತರೆ ಸ್ಕ್ಯಾನ್‌ನಲ್ಲಿ ಅಷ್ಟು ಜಾಗ ಕರ್ರಗೆ ತೂತು. ಒಮ್ಮೆ ಸಾಫ್ಟ್‌ವೇರ್ ಅಂಥ ತೂತಿಗೆ ತಾನೇ ಮುಚ್ಚಳ ಹಾಕಿತ್ತು. ನೋಡದೆ ಲೆಕ್ಕ ಕಳಿಸಿ ಚೆನ್ನಾಗಿ ಬೈಸಿಕೊಂಡಿದ್ದೆ.

ಹಾಗಾಗಿ ಅಕ್ಕನ ಮಗಳು, "ಮಾಮಾ, ಸಮುದ್ರದ ಅಲೆನೂ ಇಂಥ ಸ್ಕ್ಯಾನರ್‌ನಲ್ಲೇ ಅಳೀತಾರೆ" ಅಂದಾಗ ನಕ್ಕುಬಿಟ್ಟೆ. ಅವಳು ಕರಾವಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಬಳ್ಳಾರಿ ಬಿಸಿಲಲ್ಲಿ ಕೂತು ಅಲೆಯ ಪಾಠ!

ಸಾಹೇಬರನ್ನು ಕಾಡಿ ಬೇಡಿ, ಒಂದು ಭಾನುವಾರ ಸ್ಕ್ಯಾನರ್ ತಗೊಂಡು ಕೊಪ್ಪಳ ಜಿಲ್ಲೆಯ ಸಾಣಾಪುರಕ್ಕೆ ಹೋದೆವು. ಕೆರೆ ಅಲುಗದೆ ನಿಂತಿತ್ತು. ಸ್ಕ್ಯಾನ್‌ನಲ್ಲಿ ಹರಿಗೋಲು ಬಂತು, ಆಚೆ ದಡದ ಬಂಡೆ ಬಂತು, ನಾನು ಬಿಟ್ಟಿದ್ದ ಚಪ್ಪಲಿನೂ ಬಂತು. ಕೆರೆ ಮಾತ್ರ ಇಲ್ಲ! ಓರೆಯಾಗಿ ಬಿದ್ದ ಲೇಸರನ್ನು ನಯವಾದ ನೀರು ಅತ್ತಲೇ ಜಾರಿಸಿಬಿಡುತ್ತದೆ, ಉಳಿದಿದ್ದನ್ನು ನುಂಗುತ್ತದೆ. 30 ಮೀಟರ್ ದೂರ ಹೋಗಿ ಬರಲು ಬೆಳಕಿಗೆ 200 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ 50 ಲಕ್ಷದಲ್ಲೊಂದು ಪಾಲು, ಸಾಕು. ಆದರೆ ವಾಪಸ್ ಬಂದರೆ ತಾನೇ ದೂರ ಎಣಿಸುವುದು?

"ಈಗ ಅಲ್ಲಿ ತಿರುಗಿಸು ಮಾಮಾ" ಅಂದಳು. ಬಂಡೆಗಳ ನಡುವೆ ನೀರು ಧುಮುಕುವ ಜಾಗ. ಅಲ್ಲಿ ಬಿಳಿ ನೊರೆಯೆಲ್ಲ ಚುಕ್ಕಿ ಚುಕ್ಕಿಯಾಗಿ ಮೂಡಿತು. ನೊರೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದಂತೆ, ಅದರಲ್ಲಿ ಒಂದಿಷ್ಟು ನಮ್ಮ ಕಡೆಗೂ. ಸಮುದ್ರದಲ್ಲಿ ಅಲೆ ಒಡೆಯುವ ಜಾಗದಲ್ಲಿ ನೊರೆಗೇನು ಬರ? ಅಲ್ಲಿ ತೇಲುವ ಉಪಕರಣ ಬಿಟ್ಟರೆ ಅಲೆಯ ಹೊಡೆತಕ್ಕೆ ನಿಲ್ಲುವುದು ಕಷ್ಟ. ತಳದಲ್ಲಿಟ್ಟ ಒತ್ತಡದ ಮಾಪಕಕ್ಕೆ ಅಲೆಯ ಚೂಪು ನೆತ್ತಿ ಸರಿಯಾಗಿ ಸಿಗುವುದಿಲ್ಲ. ಸ್ಕ್ಯಾನರ್ ಆದರೆ ಮೇಲೆ ಕಟ್ಟೆಯಲ್ಲಿ ಒಣಗಿಕೊಂಡೇ ಕೂತು ಅಳೆಯುತ್ತದೆ.

ನನ್ನ ಚಿತ್ರ ಮಾತ್ರ ಹರಿದ ಅರಿವೆ ಹಾಗೆ ಬಂದಿತ್ತು. ರಾಶಿ ಅಳೆಯುವ ಯಂತ್ರ ನಿಧಾನಕ್ಕೆ ಸುತ್ತುತ್ತದೆ. ಅಷ್ಟರಲ್ಲಿ ನೀರು ನಿಲ್ಲುತ್ತಾ? ಅಲೆಗೆ ಬಳಸುವುದು ಒಂದೇ ಗೆರೆಯನ್ನು ಸೆಕೆಂಡಿಗೆ ಹತ್ತಾರು ಸಲ ಓದುವಂಥದ್ದು. ಗಾಳಿಗೆ ಚಿಮ್ಮಿದ ಹನಿಗಳೂ ಚುಕ್ಕಿಯಾಗಿ ಕೂತಿದ್ದವು. "ಇವನ್ನ ಅಳಿಸೋದೇ ನಮಗೆ ತಲೆನೋವು" ಅಂದಳು. ನಮ್ಮ ಧೂಳಿನ ಕಥೆಯೇ!

ಮತ್ತೆ ಕೆರೆ ದಡದಲ್ಲಿ ಮಂಡಕ್ಕಿ-ಮಿರ್ಚಿ ಬಿಚ್ಚಿದೆವು. ಅವಳಿಗೆ ಏನು ಹೊಳೆಯಿತೋ, ಒಂದು ಹಿಡಿ ಮಂಡಕ್ಕಿ ನೀರಿಗೆ ಎರಚಿ, "ಈಗ ಸ್ಕ್ಯಾನ್ ಹಾಕು" ಅಂದಳು. ಕರೀ ತೂತಿನ ನಡುವೆ ಚುಕ್ಕಿಗಳು ಮೂಡಿದವು. ನೀರಿನ ಮಟ್ಟ ಸಿಕ್ಕೇಬಿಟ್ಟಿತು. ಖಾತ್ರಿಗೆ ಇನ್ನೊಂದು ಸಲ ಹಾಕೋಣ ಅಂದೆ. ಅಷ್ಟರಲ್ಲಿ ಅರ್ಧ ಮಂಡಕ್ಕಿ ಮೀನಿನ ಹೊಟ್ಟೆ ಸೇರಿತ್ತು.